ನಾನು ಆರಿಸಿಕೊಟ್ಟ ರೈಫಲ್

ಫೆಬ್ರವರಿ 9, ಸೋಮವಾರ

ಗುರಿಪುಸ್ತಕದ ಮುಂದಿನ ಹಾಳೆಗಳನ್ನು ರೈಫಲ್ ಕ್ಲಬ್ಬಿನ ಮೇಷ್ಟ್ರು ತಿಂಗಳಿಗೊಮ್ಮೆ ನೋಡುತ್ತಾರೆ. ದೂರ, ಗಾಳಿ, ಅಂಕ, ಅಷ್ಟೇ. ಹಿಂದಿನಿಂದ ಯಾರೂ ತೆರೆಯುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ನಾನು ಕೆಲಸ ಮಾಡುವ ಕನ್ನಡಕದಂಗಡಿಯ ಒಳಕೋಣೆಯಲ್ಲಿ, ಊಟದ ಬಿಡುವಿನಲ್ಲಿ. ಕಣ್ಣು ಪರೀಕ್ಷೆಗೆ ಯಾರಾದರೂ ಬಂದರೆ ಹೊರಗೆ ಗಂಟೆ ಹೊಡೆಯುತ್ತಾರೆ.

ನಿನ್ನೆ ಆರುನೂರು ಮೀಟರಿನಲ್ಲಿ ಹತ್ತು ಗುಂಡಿಗೆ ನನಗೆ ನೂರಕ್ಕೆ 91. ಓರಗಿತ್ತಿಗೆ 94.

ಅವಳು ಮೈದುನನ ಹೆಂಡತಿ. ನಾವು ಕೆಳಗಿನ ಮನೆ, ಅವರು ಮಹಡಿ. ಹೋದ ವರ್ಷ "ಅಕ್ಕಾ, ನಾನೂ ಬರ್ಲಾ? ಭಾನುವಾರ ಮನೇಲಿ ಕೂತು ಸಾಕಾಗಿದೆ" ಅಂತ ನನ್ನ ಚಾಪೆ ಹೊತ್ತುಕೊಂಡು ಗುರಿ ಮೈದಾನಕ್ಕೆ ಬಂದವಳು. ನಾನು ಗುಂಡು ಹೊಡೆಯುವುದನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದಳು. ಆಮೇಲೆ ಕ್ಲಬ್ಬಿನ ಹಳೇ ರೈಫಲ್ ಎರವಲು ಪಡೆದು ತಾನೂ ಚಾಪೆಯ ಮೇಲೆ ಮಲಗಿ ಹೊಡೆಯತೊಡಗಿದಳು. ಅವಳ ಕೆಲಸ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ, ಸೂಜಿ ಚುಚ್ಚಿ ರಕ್ತ ತೆಗೆಯುವುದು. ಮಕ್ಕಳನ್ನೆಲ್ಲ ಅವಳ ಕೈಗೇ ಕಳಿಸುತ್ತಾರಂತೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಬಿಡುತ್ತಾಳೆ. ಟ್ರಿಗರ್ ಎಳೆಯುವುದೂ ಹಾಗೆಯೇ. ಕಲಿಸಿದ್ದಲ್ಲ, ಬಂದಿದ್ದು.

ಜೂನ್‌ನಲ್ಲಿ ಕ್ಲಬ್ಬುಗಳ ದೂರಗುರಿ ಪಂದ್ಯ. ತಂಡದಲ್ಲಿ ನಾಲ್ಕು ಜನ. ಒಬ್ಬರು ಕಣ್ಣಿನ ಪೊರೆಯ ಕಾರಣಕ್ಕೆ ಬಿಡುತ್ತಿದ್ದಾರೆ. ಒಂಬತ್ತು ವರ್ಷದಿಂದ ನಾನು ಐದನೆಯವಳು. ಯಾರಿಗಾದರೂ ಜ್ವರ ಬರಲಿ ಅಂತ ಬೆಂಚಿನ ಮೇಲೆ ಕೂತು ಕಾಯುವವಳು.

ಫೆಬ್ರವರಿ 14, ಶನಿವಾರ

ಅವಳಿಗೆ ಲೈಸೆನ್ಸ್ ಬಂತು. ಸ್ವಂತ ರೈಫಲ್ ಕೊಳ್ಳಲು ಇವತ್ತು ಬಂದೂಕಿನಂಗಡಿಗೆ ನನ್ನನ್ನೇ ಕರೆದುಕೊಂಡು ಹೋದಳು. ಮೇಷ್ಟ್ರಿಗೆ ಮಂಡಿಯ ಆಪರೇಷನ್, ಏಪ್ರಿಲ್‌ವರೆಗೆ ಮೈದಾನಕ್ಕೆ ಬರುವುದಿಲ್ಲ. ಇದ್ದಿದ್ದರೆ ಅವರನ್ನೇ ಕೇಳುತ್ತಿದ್ದಳು.

ಅಂಗಡಿಯವರು ಗಾಜಿನ ಮೇಲೆ ಹಸಿರು ಬಟ್ಟೆ ಹಾಸಿ ಎರಡು ರೈಫಲ್ ಇಟ್ಟರು. ಪಕ್ಕದಲ್ಲಿ ಒಂದೊಂದು ತೋಟಾ. ಮೊದಲನೆಯದು ನಾನು ಹೊಡೆಯುವಂಥದ್ದೇ, ಆರೂವರೆ ಮಿಲಿಮೀಟರಿನ ಸಣ್ಣ ತೋಟಾ, ದಪ್ಪ ನಳಿಗೆ. ಇನ್ನೊಂದು ಮ್ಯಾಗ್ನಮ್, ಹೆಚ್ಚು ಮದ್ದು ತುಂಬಿದ ದೊಡ್ಡ ತೋಟಾದ್ದು. ಅದರ ತೋಟಾ ಅವಳ ನಡುಬೆರಳಿಗಿಂತ ಉದ್ದ.

"ಅಮ್ಮಾ, ಇವರಿಗೆ ಇದು ಸಾಕು," ಅಂತ ಅಂಗಡಿಯವರು ಸಣ್ಣದನ್ನು ಮುಂದೆ ತಳ್ಳಿದರು. "ಆರುನೂರು, ಎಂಟುನೂರು ಮೀಟರಿಗೆ ಧಾರಾಳ. ಒದೆತ ಕಡಿಮೆ. ದಿನಕ್ಕೆ ಐವತ್ತು ಹೊಡೆದರೂ ಭುಜ ಮಾತಾಡಲ್ಲ."

ಅವಳು ನನ್ನ ಕಡೆ ತಿರುಗಿದಳು. "ಅಕ್ಕಾ?"

ಅಂಗಡಿಯವರು ಹೇಳಿದ್ದು ಅಕ್ಷರಶಃ ಸರಿ. ನಾನು ಹೇಳಿದೆ: "ಸಣ್ಣದು ಕಲಿಯೋವರಿಗೆ. ನೀನು ಕಲಿಯೋ ಹಂತ ದಾಟಿದ್ದೀಯ. ದೊಡ್ಡದಾದ್ರೆ ಗಾಳಿ ಅಷ್ಟು ಸುಲಭವಾಗಿ ಗುಂಡನ್ನ ಪಕ್ಕಕ್ಕೆ ತಳ್ಳಲ್ಲ. ಮುಂದೆ ಸಾವಿರ ಮೀಟರ್ ಹೊಡೀಬೇಕು ಅಂದ್ರೆ ಇನ್ನೊಂದು ಕೊಳ್ಳೋದು ತಪ್ಪುತ್ತೆ."

"ಮತ್ತೆ ನೀವು ಸಣ್ಣದನ್ನೇ ಹೊಡೀತೀರಲ್ಲ?"

"ನನಗೆ ವಯಸ್ಸಾಯ್ತು ಮಾರಾಯ್ತಿ. ಭುಜ ಬಿದ್ದುಹೋಗಿದೆ."

ಅಂಗಡಿಯವರು ನನ್ನನ್ನೊಮ್ಮೆ ನೋಡಿ ಸಣ್ಣ ತೋಟಾವನ್ನು ಡಬ್ಬಿಗೆ ಹಾಕಿದರು. ಅವಳು ದೊಡ್ಡದನ್ನು ಅಂಗೈಯಲ್ಲಿ ತೂಗಿ ನೋಡಿ ನಕ್ಕಳು. "ಎಷ್ಟು ಚೆನ್ನಾಗಿದೆ ಅಲ್ವಾ ಅಕ್ಕಾ?"

ಫೆಬ್ರವರಿ 16

ಹೇಳಿದ ಮಾತಿನಲ್ಲಿ ಸುಳ್ಳು ಯಾವುದು? ದೊಡ್ಡ ತೋಟಾದ ಗುಂಡಿಗೆ ಗಾಳಿ ಕಡಿಮೆ ತಾಗುತ್ತದೆ, ಅದು ನಿಜ. ಸಾವಿರ ಮೀಟರಿಗೆ ಒಳ್ಳೆಯದು, ಅದೂ ನಿಜ. ಎಷ್ಟೋ ಜನ ಅದನ್ನೇ ಹೊಡೆಯುತ್ತಾರೆ. ಅವಳೇನು ಮಗುವಲ್ಲ. ಬೇಡ ಅನ್ನಬಹುದಿತ್ತು.

ನನ್ನ ಭುಜಕ್ಕೆ ಏನೂ ಆಗಿಲ್ಲ ಅನ್ನುವುದೊಂದು ಬಿಟ್ಟರೆ.

ಮಾರ್ಚ್ 1, ಭಾನುವಾರ

ಹೊಸ ರೈಫಲ್‌ನ ಮೊದಲ ದಿನ. ಮೊದಲ ಗುಂಡಿಗೇ ಅವಳು "ಅಬ್ಬಾ!" ಅಂತ ಕೂಗಿ ನಕ್ಕುಬಿಟ್ಟಳು. ಪಕ್ಕದ ಚಾಪೆಯವರೂ ನಕ್ಕರು. ಮೂವತ್ತು ಹೊಡೆದಳು. ಕೊನೆಯ ಹತ್ತಕ್ಕೆ 88.

"ಕೈ ಕುದುರಬೇಕು, ಅಷ್ಟೇ," ಅಂದೆ.

ನನಗೆ 92.

ಮಾರ್ಚ್ 3

ಬೆಳಿಗ್ಗೆ ಮೊಸರು ಕೇಳಲು ಕೆಳಗೆ ಬಂದವಳು ರವಿಕೆ ಸರಿಸಿ ಭುಜ ತೋರಿಸಿದಳು. ಅಂಗೈಯಗಲ ನೀಲಿ, ಅಂಚಿನಲ್ಲಿ ಹಳದಿ. "ನೋಡಿ ಅಕ್ಕಾ, ನಮ್ಮ ಲ್ಯಾಬಿನಲ್ಲಿ ಎಲ್ಲರೂ ಗಂಡ ಹೊಡೆದನಾ ಅಂತ ಕೇಳ್ತಾರೆ. ನಾನೇ ದುಡ್ಡು ಕೊಟ್ಟು ಹೊಡೆಸಿಕೊಂಡೆ ಅಂದೆ."

ನಮ್ಮ ಯಜಮಾನರು ಕಾಫಿ ಲೋಟದ ಮೇಲಿಂದ ನೋಡಿ ಹೇಳಿದರು: "ಯಾರಮ್ಮಾ ನಿನಗೆ ಆ ತೋಪು ಕೊಡಿಸಿದ್ದು?"

ತಮಾಷೆಗೇ ಕೇಳಿದ್ದು. ನನ್ನ ಕೈ ಮಾತ್ರ ಹೋಗಿ ನನ್ನ ಭುಜದ ಮೇಲೆ ಕೂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಗಾದೆ ಅಂದುಕೊಂಡಿದ್ದೆ. ಕೈ ನಿಜವಾಗಿಯೂ ಹೋಗುತ್ತದೆ.

ಹೊಡೆಯುವಾಗ ಭುಜಕ್ಕೆ ಒತ್ತಿಕೊಳ್ಳಲು ನನ್ನ ಹಳೇ ಮೆತ್ತೆ ಕೊಟ್ಟು ಕಳಿಸಿದೆ. ಅದಕ್ಕೂ ಎರಡು ಸಲ ಥ್ಯಾಂಕ್ಸ್ ಹೇಳಿದಳು.

ಮಾರ್ಚ್ 15, ಭಾನುವಾರ

ಅವಳಿಗೆ 83. ನನಗೆ 93.

ಮಾರ್ಚ್ 23

ನಿನ್ನೆ ಅವಳಿಗೆ 79. ಗುಂಡುಗಳು ಎಲ್ಲ ಕೆಳಗೆ, ಬಲಕ್ಕೆ. ಇದರ ಅರ್ಥ ನನಗೆ ಗೊತ್ತು. ಸದ್ದಾಗುವ ಮುಂಚೆಯೇ ಮೈ ಬೆಚ್ಚುತ್ತದೆ, ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ನೂಕುತ್ತದೆ. ಮನಸ್ಸಿನ ಅಪ್ಪಣೆ ಕೇಳುವುದಿಲ್ಲ. ಒದೆ ತಿಂದ ನಾಯಿ ಕಾಲು ಎತ್ತುವ ಮುಂಚೆಯೇ ಓಡುವ ಹಾಗೆ.

"ಅಕ್ಕಾ, ನಾನೇನು ತಪ್ಪು ಮಾಡ್ತಿದ್ದೀನಿ?"

ಒಂದು ಮಾತು ಹೇಳಬಹುದಿತ್ತು. "ಸ್ವಲ್ಪ ದಿನ ಈ ರೈಫಲ್ ಮುಟ್ಟಬೇಡ." ಐದು ಪದ. ನಾನು ಹೇಳಿದ್ದು: "ಉಸಿರು ಸರಿಯಾಗಿ ಬಿಡ್ತಿಲ್ಲ ನೀನು."

ಅವಳು ನಿನ್ನೆ ಸಂಜೆಯಿಂದಲೇ ಮಹಡಿಯ ಮೇಲೆ ಮಲಗಿ ಉಸಿರಿನ ಅಭ್ಯಾಸ ಮಾಡುತ್ತಿದ್ದಾಳೆ. ಮೈದುನ ಹೇಳಿ ನಗುತ್ತಾನೆ.

ಏಪ್ರಿಲ್ 5, ಭಾನುವಾರ. ಮನೆ

ಮೇಷ್ಟ್ರು ಕೋಲೂರಿಕೊಂಡು ಮೈದಾನಕ್ಕೆ ಬಂದರು. ಎಲ್ಲರ ಗುರಿಪುಸ್ತಕ ನೋಡಿದರು. ಅವಳದ್ದನ್ನು ಎರಡು ಸಲ ನೋಡಿದರು. ಆಮೇಲೆ ಅವಳ ತೋಟಾಗಳನ್ನು ತಾವೇ ಇಸಿದುಕೊಂಡು, "ಇವತ್ತು ನಾನು ತುಂಬಿಸಿಕೊಡ್ತೀನಿ, ನೀನು ಬರೀ ಹೊಡಿ," ಅಂದರು.

ಏನು ಮಾಡುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ಮೂರನೆಯದೋ ನಾಲ್ಕನೆಯದೋ ಮದ್ದಿಲ್ಲದ ಪೊಳ್ಳು ತೋಟಾ. ಅವಳು ಟ್ರಿಗರ್ ಎಳೆದಳು. ಟಕ್ ಅಂತಷ್ಟೇ ಸದ್ದು. ಗುಂಡೇ ಹಾರದ ರೈಫಲ್ ಅವಳ ಕೈಯಲ್ಲಿ ಮೂತಿ ಕೆಳಗೆ ಮಾಡಿ ನೆಗೆಯಿತು. ಅವಳ ಕಣ್ಣು ಬಿಗಿಯಾಗಿ ಮುಚ್ಚಿತ್ತು, ಹಲ್ಲು ಕಚ್ಚಿತ್ತು. ಹಿಂದೆ ನಿಂತಿದ್ದ ಎಂಟು ಜನ ನೋಡಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಅವಳು ಚಾಪೆಯ ಮೇಲೆ ಎದ್ದು ಕೂತಳು. ಮುಖವೆಲ್ಲ ಕೆಂಪು.

ಮೇಷ್ಟ್ರು ಮೆಲ್ಲಗೆ ಕೇಳಿದರು: "ಇಷ್ಟು ದೊಡ್ಡದನ್ನ ಯಾರು ಆರಿಸಿದ್ದಮ್ಮಾ?"

ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ನಾನೇ ಹಠ ಹಿಡಿದೆ ಸರ್. ಅಕ್ಕ ಬೇಡ ಅಂದಿದ್ರು. ನಾನು ಕೇಳಲಿಲ್ಲ."

ನನ್ನನ್ನು ಬೈಸಬಾರದು ಅಂತ. ಅಷ್ಟು ಜನರ ಮುಂದೆ ನಾನು ತಪ್ಪು ಸಲಹೆ ಕೊಟ್ಟವಳು ಅನ್ನಿಸಿಕೊಳ್ಳಬಾರದು ಅಂತ ಅಷ್ಟು ಸಲೀಸಾಗಿ ಸುಳ್ಳು ಹೇಳಿಬಿಟ್ಟಳು.  ನನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದೆ, ಹಾಕಿದೆ.

ಏಪ್ರಿಲ್ 6

ಬರೆಯಲಾಗುವುದಿಲ್ಲ.

ಏಪ್ರಿಲ್ 13

ತಂಡದ ಪಟ್ಟಿ ಹಾಕಿದರು. ನಾಲ್ಕನೆಯ ಹೆಸರು ನನ್ನದು.

ಒಂಬತ್ತು ವರ್ಷ ಈ ದಿನವನ್ನು ಹೇಗೆಲ್ಲ ಕಲ್ಪಿಸಿಕೊಂಡಿದ್ದೆ! ಸ್ಕೂಟರ್ ನಿಲ್ಲಿಸಿ ಮನೆಯೊಳಗೆ ಹೋದರೆ ಅವಳು ಮೆಟ್ಟಿಲಿಳಿದು ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಬಲಗೈ ಮಾತ್ರ ಪೂರ್ತಿ ಎತ್ತಲಿಲ್ಲ. ನೋವಿರಬೇಕು.

ಏಪ್ರಿಲ್ 20

ನಿನ್ನೆ ಅವಳು ಮೈದಾನಕ್ಕೆ ಬರಲಿಲ್ಲ. ಅದರ ಹಿಂದಿನ ವಾರವೂ ಬಂದಿರಲಿಲ್ಲ. "ಮನೇಲಿ ಕೆಲಸ ಇದೆ ಅಕ್ಕಾ." ಏನೂ ಕೆಲಸವಿರಲಿಲ್ಲ. ಮಹಡಿಯಿಂದ ಮಧ್ಯಾಹ್ನವೆಲ್ಲ ಟೀವಿ ಸದ್ದು.

ಏಪ್ರಿಲ್ 29

ಮೈದುನ ಅಂಗಡಿಗೆ ಬಂದಿದ್ದ, ಕನ್ನಡಕದ ತಿರುಪು ಸಡಿಲವಾಗಿದೆ ಅಂತ. ಬಿಗಿ ಮಾಡಿಕೊಡುತ್ತಿದ್ದಾಗ ತಾನೇ ಹೇಳಿದ: "ಅತ್ತಿಗೆ, ಅವಳು ಲ್ಯಾಬಿನಲ್ಲಿ ಸೂಜಿ ಕೆಲಸ ಬಿಟ್ಟಳು. ರಸೀದಿ ಬರೆಯೋ ಮೇಜಿಗೆ ಹಾಕಿಸಿಕೊಂಡಿದ್ದಾಳೆ."

"ಯಾಕೆ?"

"ಸೂಜಿ ಚುಚ್ಚೋ ಹೊತ್ತಿಗೆ ಕಣ್ಣು ಮುಚ್ಚಿ ಹೋಗುತ್ತಂತೆ. ಹೋದ ವಾರ ಒಂದು ಹುಡುಗಿಗೆ ಮೂರು ಸಲ ಚುಚ್ಚಿದಳಂತೆ. ಆ ಮಗು ಕಿರುಚಿತಂತೆ. ಮನೆಗೆ ಬಂದು 'ನನ್ನೊಳಗೆ ಧೈರ್ಯ ಅನ್ನೋದು ಇರಲೇ ಇಲ್ಲ, ಈಗ ಬಯಲಾಯ್ತು' ಅಂತ ಒಂದೇ ಸಮ. ನಾನೂ ಸುಮ್ನಿರಲಾರದೆ ಬಂದೂಕೆಲ್ಲ ನಿನಗ್ಯಾಕೆ ಬೇಕಿತ್ತು ಅಂದುಬಿಟ್ಟೆ. ಆಮೇಲಿಂದ ಮಾತೇ ಇಲ್ಲ."

ತಿರುಪನ್ನು ಬಿಗಿ ಮಾಡುತ್ತಲೇ ಇದ್ದೆ. ಅದು ಮುರಿದು ಚೌಕಟ್ಟಿನೊಳಗೇ ಉಳಿಯಿತು. ಹೊಸ ಚೌಕಟ್ಟು ಹಾಕಿಕೊಟ್ಟೆ.

ಒಂದು ಪಂದ್ಯ ಅವಳ ಕೈತಪ್ಪಲಿ ಅಂದುಕೊಂಡಿದ್ದೆ. ಅಷ್ಟೇ. ಇಷ್ಟು ದೂರ ಹೋಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಹೊಡೆಯುವವಳು ನಾನು, ಹೊಡೆದದ್ದು ಎಲ್ಲಿಗೆ ಹೋಗಿ ಬೀಳುತ್ತದೆ ಅಂತ ನನಗೆ ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ?

ಮೇ 2

ಇವರಿಗೆ ಹೇಳಿದೆ. ಬಟ್ಟೆ ಒಣಹಾಕುತ್ತಿದ್ದೆವು. ಬಂದೂಕಿನಂಗಡಿಯಲ್ಲಿ ನಡೆದದ್ದು, ನಾನು ಯಾಕೆ ಹಾಗೆ ಹೇಳಿದೆ ಅನ್ನುವುದು, ಎಲ್ಲ. ಇವರು ಅಂಗಿಯ ತೋಳು ಜಾಡಿಸಿ ತಂತಿಗೆ ಹಾಕಿ, "ಬಿಡೇ, ಯಾರಿಗೆ ಗೊತ್ತಾಗುತ್ತೆ?" ಅಂದರು.

ಸಮಾಧಾನಕ್ಕೇ ಅಂದದ್ದು. ಆದರೆ ಮೂರು ತಿಂಗಳಿಂದ ನನ್ನ ಬಾಯಿ ಮುಚ್ಚಿಸಿದ್ದೂ ಇದೇ ಮಾತು. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಹೊಲಸಾಗಿದೆ ಅಂತ ತಿಳಿಯಿತು.

ಮೇ 6

ಹೇಳಬೇಕು ಅಂತ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದಳು. "ಬನ್ನಿ ಅಕ್ಕಾ." ನುಂಗಲಾರೆ, ಉಗುಳಲಾರೆ. "ಸಕ್ಕರೆ ಇದೆಯಾ?" ಅಂದೆ. ಒಂದು ಲೋಟ ಸಕ್ಕರೆ ತಂದೆ. ಮನೆಯಲ್ಲಿ ಡಬ್ಬಿ ತುಂಬ ಇತ್ತು.

ಮೇ 10, ಭಾನುವಾರ

ಹೇಳಿದೆ.

ಅವಳು ರೈಫಲ್ ಮಾರಲೆಂದು ಅದರ ಪೆಟ್ಟಿಗೆ ಒರೆಸುತ್ತಿದ್ದಳು. ನಾನು ಬಾಗಿಲ ಬಳಿಯೇ ನಿಂತು, ಕೂತರೆ ಧೈರ್ಯ ಹೋಗುತ್ತದೆ ಅಂತ ನಿಂತೇ, ಹೇಳಿದೆ. "ಇದು ನಿನಗೆ ಆಗಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೇ ಕೊಡಿಸಿದೆ. ನಿನಗೆ 94 ಬಂದಿತ್ತು, ಅದಕ್ಕೆ."

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. "ಏನಂದ್ರಿ?"

ಇನ್ನೊಂದು ಸಲ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟ.

"ನನ್ನ ಭುಜ ತೋರಿಸಿದ್ನಲ್ಲ, ಆವತ್ತು ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು."

"ಉಸಿರು ಸರಿಯಿಲ್ಲ ಅಂದ್ರಲ್ಲ?"

"ಉಸಿರು ಸರಿಯಾಗೇ ಇತ್ತು. ನೀನು ಹೆದರುಪುಕ್ಕಲಿ ಅಲ್ಲ ಕಣೇ. ಆ ತೋಟಾ ಅಷ್ಟು ದಿನ ಒದ್ದರೆ ಯಾರ ಮೈಯಾದ್ರೂ ಬೆಚ್ಚುತ್ತೆ. ನನ್ನದೂ ಬೆಚ್ಚುತ್ತೆ. ಅದನ್ನ ಹೇಳೋಕೇ ಬಂದೆ."

ಅವಳು ಪೆಟ್ಟಿಗೆಯ ಕೊಕ್ಕೆ ಹಾಕಿದಳು. ಆಮೇಲೆ ಹೇಳಿದಳು: "ಆ ಮಗುಗೆ ಮೂರು ಸಲ ಚುಚ್ಚಿದೆ ನಾನು. ನಾಲ್ಕು ವರ್ಷದ್ದು. ಅದರಮ್ಮ ನನ್ನ ಕೈ ಹಿಡಿದು ತಳ್ಳಿದಳು."



"ನೀವು ಈಗ ಕೆಳಗೆ ಹೋಗಿ," ಅಂದಳು. ಅಕ್ಕಾ ಅನ್ನಲಿಲ್ಲ.

ಮೇ 11

ನಿದ್ದೆ ಬಂತು. ಅದಕ್ಕೂ ನಾಚಿಕೆಯಾಯಿತು.

ಮೇ 17, ಭಾನುವಾರ

ಮೇಷ್ಟ್ರಿಗೂ ಹೇಳಿದೆ. ಅವಳು ಆವತ್ತು ಹೇಳಿದ್ದು ಸುಳ್ಳು, ನಾನು ಬೇಡ ಅಂದಿರಲಿಲ್ಲ, ನಾನೇ ಕೊಡಿಸಿದ್ದು ಅಂತ. ತಂಡದ ಜಾಗ ಅವಳಿಗೆ ಕೊಡಿ ಅಂದೆ.

ಅವರು ಮಂಡಿ ನೀವಿಕೊಳ್ಳುತ್ತ ನನ್ನನ್ನೇ ನೋಡಿದರು. "ಯಾವ ಜಾಗಾನಮ್ಮಾ ಕೊಡೋದು? ಆ ಹುಡುಗಿ ಈಗ ಪೊಳ್ಳು ತೋಟಾಗೂ ಬೆಚ್ತಾಳೆ. ಪಂದ್ಯಕ್ಕೆ ನಿಲ್ಲಿಸಿ ಇನ್ನೊಂದು ಸಲ ಅವಮಾನ ಮಾಡಬೇಕಾ? ನೀನು ಜಾಗ ಬಿಟ್ಟುಕೊಟ್ಟರೆ ನಿನಗೆ ಹಗುರ ಆಗುತ್ತೆ, ಅವಳಿಗೇನೂ ಆಗಲ್ಲ. ಸುಮ್ನೆ ಹೋಗಿ ಹೊಡಿ."

ಆಮೇಲೆ, ನಾನು ಹೊರಟ ಮೇಲೆ, ಹಿಂದಿನಿಂದ ಕೂಗಿ ಹೇಳಿದರು: "ಬೆಚ್ಚೋದು ಹೋಗುತ್ತೆ. ಸಣ್ಣದರಿಂದ ಶುರು ಮಾಡಬೇಕು. ಮಗುಗೆ ಅನ್ನ ತಿನ್ನೋದು ಕಲಿಸಿದ ಹಾಗೆ. ತಿಂಗಳುಗಟ್ಟಲೆ ಹಿಡಿಯುತ್ತೆ."

ಮೇ 22

ಇವತ್ತು ಒಬ್ಬ ಅಜ್ಜ ಎರಡು ಮಸೂರಗಳ ನಡುವೆ ಯಾವುದು ಸ್ಪಷ್ಟ ಅಂತ ತಿಳಿಯದೆ ಸುಸ್ತಾಗಿ, "ನೀವೇ ಹೇಳಿಬಿಡಿ ತಾಯಿ, ನೀವು ಹೇಳಿದ್ದೇ ಹಾಕ್ಕೋತೀನಿ" ಅಂದರು. ಬೇಡಜ್ಜಾ, ಕಾಣುವುದು ನಿಮಗೆ, ನನಗಲ್ಲ ಅಂದೆ. ಮತ್ತೆ ಮೊದಲಿಂದ ತೋರಿಸಿದೆ. ನಲವತ್ತು ನಿಮಿಷ ಹಿಡಿಯಿತು. ಹೊರಗೆ ಕಾಯುತ್ತಿದ್ದ ಇಬ್ಬರು ಎದ್ದು ಹೋದರು. ಮಾಲೀಕರು ಗೊಣಗಿದರು.

ಮಹಡಿಯವಳು ಮೆಟ್ಟಿಲ ಮೇಲೆ ಎದುರಾದರೆ ಗೋಡೆ ಬದಿಗೆ ಸರಿದು ನನಗೆ ದಾರಿ ಬಿಡುತ್ತಾಳೆ. ನಾನೂ ಸರಿಯುತ್ತೇನೆ. ಇಬ್ಬರೂ ಸರಿದು ನಿಂತರೆ ಯಾರು ಮೊದಲು ಹೋಗುವುದು ಅಂತ ಗೊತ್ತಾಗುವುದಿಲ್ಲ.

ಮೇ 31, ಭಾನುವಾರ

ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದಳು. ಕೂದಲು ಬಿಗಿದು ಕಟ್ಟಿದ್ದಳು.

"ನಿಮ್ಮ ರೈಫಲ್ ಬೇಕು."

"ತಗೋ."

"ಇವತ್ತಿಗಲ್ಲ. ನನ್ನ ಕೈ ಸರಿಯಾಗೋವರೆಗೆ. ಮೇಷ್ಟ್ರನ್ನ ಕೇಳಿದ್ದೀನಿ. ಮೊದಲು ಪುಟ್ಟ ರೈಫಲ್, ಆಮೇಲೆ ನಿಮ್ಮದು. ಪಂದ್ಯದ ದಿನ ಮಾತ್ರ ನೀವು ಹೊಡೀರಿ, ಉಳಿದ ಭಾನುವಾರ ನನಗೆ."

"ಆಯ್ತು."

"ನಾನು ಕ್ಷಮಿಸಿದ್ದೀನಿ ಅಂತ ಅಂದ್ಕೋಬೇಡಿ."

"ಇಲ್ಲ."

"ನನಗೆ ನನ್ನ ಸೂಜಿ ಕೆಲಸ ವಾಪಸ್ ಬೇಕು, ಅಕ್ಕಾ," ಅಂದಳು. ಅಕ್ಕಾ ಅನ್ನುವುದು ಬಾಯಿತಪ್ಪಿ ಬಂತು ಅಂತ ಅವಳ ಮುಖದಲ್ಲೇ ಕಂಡಿತು. ಸಿಟ್ಟಿನಿಂದ ಪೆಟ್ಟಿಗೆ ಎತ್ತಿಕೊಂಡು ಹೋದಳು.

ಜೂನ್ 21, ಭಾನುವಾರ

ಹೋದ ಭಾನುವಾರ ಪಂದ್ಯ ಮುಗಿಯಿತು. ನಾವು ಮೂರನೆಯವರು.

ಅವಳಿಗೆ ಇವತ್ತು ಮೈದಾನದ ಹುಲ್ಲಿನಲ್ಲಿ ಐವತ್ತು ಮೀಟರಿಗೆ, ಸದ್ದೇ ಇಲ್ಲದಂಥ ಪುಟ್ಟ ರೈಫಲ್‌ನಲ್ಲಿ, ಇಪ್ಪತ್ತು ಗುಂಡು. ಮೇಷ್ಟ್ರು ನಡುವೆ ಆರು ಪೊಳ್ಳು ಸೇರಿಸಿದ್ದರು. ನಾಲ್ಕಕ್ಕೆ ಬೆಚ್ಚಿದಳು. ಎರಡಕ್ಕೆ ಇಲ್ಲ. ಊಟಕ್ಕೆ ಕೂತಾಗ ಹೋದ ಸಲ ಐದಕ್ಕೆ ಬೆಚ್ಚಿದ್ದೆ ಅಂತ ಗಾಳಿಗೆ ಹೇಳಿದ ಹಾಗೆ ಹೇಳಿದಳು. ಊಟದ ಡಬ್ಬಿ ನನ್ನ ಪಕ್ಕ ಇಟ್ಟಿರಲಿಲ್ಲ, ಒಂದು ಮಾರು ದೂರ.

ಜುಲೈ 12, ಭಾನುವಾರ

ಮುನ್ನೂರು ಮೀಟರ್, ನನ್ನ ರೈಫಲ್. ಪೊಳ್ಳು ತೋಟಾಗೆ ಒಂದೇ ಸಲ ಬೆಚ್ಚಿದಳು. ಬುಧವಾರ ಲ್ಯಾಬಿನಲ್ಲಿ ದೊಡ್ಡವರೊಬ್ಬರಿಗೆ ಸೂಜಿ ಹಾಕಿದಳಂತೆ. ಒಂದೇ ಚುಚ್ಚಿಗೆ. ಮೈದುನ ಬಂದು ಹೇಳಿದ. ಇವರು ನನ್ನ ಮುಖ ನೋಡಿ, "ಅಳೋದ್ಯಾಕೆ, ನಿನಗೆ ಚುಚ್ಚಿದ್ದಾ?" ಅಂದರು.

ಆಗಸ್ಟ್ 23, ಭಾನುವಾರ

ಆರುನೂರು ಮೀಟರ್. ಏಪ್ರಿಲ್ ನಂತರ ಮೊದಲ ಸಲ. ಮೇಷ್ಟ್ರಿಗೆ ಕೂರಲಾಗುವುದಿಲ್ಲ ಅಂತ ಗಾಳಿ ನೋಡಿ ಹೇಳಲು ನನ್ನನ್ನು ಅವಳ ಪಕ್ಕ ಕೂರಿಸಿದರು. ಅವಳು ಬೇಡ ಅನ್ನಲಿಲ್ಲ.

ದೂರದ ಹುಲ್ಲು ಬಲಕ್ಕೆ ಬಾಗುತ್ತಿತ್ತು. "ಎಡಕ್ಕೆ ಮೂರು ಗೆರೆ," ಅಂದೆ.

ಅವಳು ರೈಫಲ್‌ನಿಂದ ಕಣ್ಣು ತೆಗೆದಳು. ಹುಲ್ಲು ನೋಡಿದಳು. ಮೈದಾನದಂಚಿನ ಬಾವುಟ ನೋಡಿದಳು. ಒಂದು ಹಿಡಿ ಒಣಮಣ್ಣು ಎತ್ತಿ ಬೆರಳ ಸಂದಿಯಿಂದ ಉದುರಿಸಿ, ಅದು ಎಲ್ಲಿಗೆ ಹೋಯಿತು ಅಂತ ನೋಡಿದಳು. ನಾನು ಕಾದೆ. ಹಿಂದಿನ ಚಾಪೆಯವರು ಕೆಮ್ಮಿದರು. ಪೂರ್ತಿ ಒಂದು ನಿಮಿಷ ಹಿಡಿಯಿತು.

ಆಮೇಲೆ ರೈಫಲ್‌ನ ದುರ್ಬೀನಿನ ತಿರುಪನ್ನು ಎಡಕ್ಕೆ ಮೂರು ಗೆರೆ ತಿರುಗಿಸಿ ಹೊಡೆದಳು. ನಡುವೃತ್ತ.

ಎರಡನೆಯ ಗುಂಡಿಗೂ ನಾನು ಹೇಳಿದೆ. ಎರಡನೆಯ ಗುಂಡಿಗೂ ಮಣ್ಣು ಉದುರಿಸಿ ನೋಡಿದಳು. ಮೂರನೆಯದಕ್ಕೂ. ಹತ್ತಕ್ಕೆ ಹತ್ತೂ ಹಾಗೆಯೇ. ನಾನು ಪ್ರತಿ ಸಲವೂ ಅವಳು ನೋಡಿ ಮುಗಿಸುವವರೆಗೆ ಕಾದೆ. ಮುಂದಿನ ಭಾನುವಾರವೂ ಅಲ್ಲೇ ಕೂರಬೇಕಂತೆ. ಅವಳೇ ಹೇಳಿದಳು.